ಕಾಣದ ಮೈಲಿಗೆ: ‘ಫತ್‌ಹುಲ್ ಮುಈನ್’ನ ಒಂದು ನಿಯಮ ಮತ್ತು ನೆರೆಮನೆಯ ಪಾತ್ರೆ

ಇಸ್ಲಾಮಿನ ಶುದ್ಧಿ-ಅಶುದ್ಧಿಗಳ ಚರ್ಚೆ ಬಹುಕಾಲ ಮೇರಿ ಡಗ್ಲಸ್ ಅವರ ‘ಪ್ಯೂರಿಟಿ ಅಂಡ್ ಡೇಂಜರ್’ (1966) ತೋರಿದ ದಾರಿಯಲ್ಲಿ ಸಾಗಿತು. ನಮ್ಮಲ್ಲಿ ಮಡಿ-ಮೈಲಿಗೆಯ ಶಾಸ್ತ್ರೀಯ ವಿವೇಚನೆಗೆ ಎಂ.ಎನ್. ಶ್ರೀನಿವಾಸ್ ಅವರ ಕೊಡವರ ಅಧ್ಯಯನ (1952) ಬುನಾದಿಯಾಯಿತು. ಮುಸ್ಲಿಂ ಶುದ್ಧಿಯನ್ನು ಈ ಚೌಕಟ್ಟುಗಳಿಂದ ಬಿಡಿಸಿದವರು ಕೆವಿನ್ ರೈನ್‌ಹಾರ್ಟ್ (1990). ಮ್ಯಾರಿಯನ್ ಕಾಟ್ಜ್ 2002ರಲ್ಲಿ ಅದರ ಆರಂಭಕಾಲದ ಇತಿಹಾಸವನ್ನು ಬಿಡಿಸಿಟ್ಟರು. ಇಲ್ಲಿಯವರೆಗೆ ತಕರಾರಿಲ್ಲ.

ನನ್ನ ಭಿನ್ನಾಭಿಪ್ರಾಯ ರೈನ್‌ಹಾರ್ಟ್ ಅವರ ಒಂದು ಅಂಶದ ಬಗ್ಗೆ. ಅವರ ಪ್ರಕಾರ ಸುನ್ನಿ ಧರ್ಮಶಾಸ್ತ್ರದಲ್ಲಿ ಅಶುದ್ಧಿ ಅಪಾಯವಲ್ಲ, ಅದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ವುಜೂ (ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆದು ಪಡೆಯುವ ಶುದ್ಧಿ) ಮುರಿದವನು ನಮಾಜಿಗೆ ಮಾತ್ರ ಅನರ್ಹ, ಸಮಾಜಕ್ಕೆ ಅಸ್ಪೃಶ್ಯನಲ್ಲ. ಇದು ಸರಿ. ಆದರೆ ಇದರಿಂದ ಶುದ್ಧಿಯ ವಿಚಾರವೆಲ್ಲ ವ್ಯಕ್ತಿಯ ಮೈಗೂ ಅವನ ಪ್ರಾರ್ಥನೆಗೂ ಸೀಮಿತವೆಂಬ ಭಾವನೆ ಮೂಡುತ್ತದೆ. ಶಂಕೆಯ ಪ್ರಕರಣಗಳನ್ನು ಓದಿದರೆ ಆ ಭಾವನೆ ನಿಲ್ಲುವುದಿಲ್ಲ. ಶಂಕೆ ಹುಟ್ಟುವುದೇ ಹೆಚ್ಚಾಗಿ ಇನ್ನೊಬ್ಬರ ವಸ್ತುವಿನ ಎದುರು.

ಮೂಲಸೂತ್ರ ಪ್ರಸಿದ್ಧವಾದದ್ದು: ನಿಶ್ಚಯವು ಶಂಕೆಯಿಂದ ಅಳಿಯದು. ನಮಾಜಿನ ನಡುವೆ ವುಜೂ ಮುರಿಯಿತೇನೋ ಎಂದು ಅನುಮಾನಿಸುವವನು, ಶಬ್ದ ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಜು ಬಿಡಬೇಕಿಲ್ಲ ಎಂಬ ಹದೀಸು ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಸುಯೂತಿ ಶಾಫಿ ಪಂಥದವರಿಗಾಗಿ, ಇಬ್ನ್ ನುಜೈಮ್ ಹನಫಿ ಪಂಥದವರಿಗಾಗಿ ಇದನ್ನು ಸೂತ್ರವಾಗಿ ವಿಸ್ತರಿಸಿದರು. ಉಸ್ಮಾನಿಯಾ ಸಾಮ್ರಾಜ್ಯದ ‘ಮಜಲ್ಲಾ’ ಸಂಹಿತೆಗೆ ಇದೇ ನಾಲ್ಕನೆಯ ಕಲಮು.

ಇಲ್ಲಿ ಮುಂದಿಡುವ ಆಧಾರ ನಮ್ಮ ಕರಾವಳಿಗೆ ತೀರ ಹತ್ತಿರದ್ದು. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ ‘ಫತ್‌ಹುಲ್ ಮುಈನ್’ ಕೇರಳದಲ್ಲೂ ದಕ್ಷಿಣ ಕನ್ನಡದ ಬ್ಯಾರಿ ದರ್ಸುಗಳಲ್ಲೂ (ಮಸೀದಿಯ ಪಾಠಶಾಲೆಗಳಲ್ಲೂ) ಶಾಫಿ ಫಿಕ್ಹಿನ (ಧರ್ಮಶಾಸ್ತ್ರದ) ಪಠ್ಯ. ಅದರ ಶುದ್ಧಿ ಭಾಗದಲ್ಲಿ ‘ಮುಖ್ಯ ನಿಯಮ’ ಎಂದೇ ಕರೆದ ಒಂದು ಖಂಡವಿದೆ. ಮೂಲತಃ ಶುದ್ಧವಾದ ವಸ್ತು, ಆದರೆ ಅಂಥವು ಸಾಮಾನ್ಯವಾಗಿ ಮೈಲಿಗೆಯಾಗಿರುತ್ತವೆ ಎಂಬ ಬಲವಾದ ಊಹೆ. ಆಗೇನು? ಎರಡು ಅಭಿಪ್ರಾಯಗಳಿವೆ, ಶುದ್ಧವೆನ್ನುವುದೇ ಪ್ರಬಲವೆಂದು ಗ್ರಂಥದ ತೀರ್ಮಾನ. ಉದಾಹರಣೆಗಳು ಗಮನಾರ್ಹ: ಹೆಂಡ ಮಾರುವವನ ಬಟ್ಟೆ, ಮಕ್ಕಳ ಬಟ್ಟೆ, ಹಂದಿಯ ಕೊಬ್ಬು ಬಳಸುತ್ತಾರೆಂದು ಹೆಸರಾದ ಉಣ್ಣೆಬಟ್ಟೆ, ಶಾಮ್ (ಸಿರಿಯಾ) ದೇಶದ ಗಿಣ್ಣು, ಮತ್ತು ಅಶುದ್ಧ ವಸ್ತುವಿನ ಬಳಕೆಯನ್ನೇ ಧರ್ಮಾಚರಣೆಯಾಗಿ ಉಳ್ಳವರ ಪಾತ್ರೆಗಳು. ಪ್ರವಾದಿಯವರು ಅಂಥ ಗಿಣ್ಣನ್ನು ವಿಚಾರಿಸದೆ ತಿಂದರೆಂದೂ ಅಲ್ಲಿ ನೆನಪಿಸಲಾಗಿದೆ.

ಕೊನೆಯ ಉದಾಹರಣೆಯಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕು. 19ನೇ ಶತಮಾನದ ಮಕ್ಕಾದ ಟೀಕಾಕಾರ ಅಬೂಬಕ್ರ್ ಶತಾ ಇದಕ್ಕೆ ಗೋಮೂತ್ರದಲ್ಲಿ ಮೀಯುವ ಮಜೂಸಿಯರನ್ನು (ಝೊರಾಸ್ಟ್ರಿಯನ್ನರನ್ನು) ಹೆಸರಿಸುತ್ತಾರೆ. ಶಾಫಿ ಮತದಲ್ಲಿ ಗೋಮೂತ್ರ ಅಶುದ್ಧ, ಹನಫಿಯಲ್ಲಿ ಲಘು ಅಶುದ್ಧ. ಪಂಚಗವ್ಯದ ನಾಡಿನಲ್ಲಿ ಕುಳಿತು ಈ ಸಾಲು ಪಾಠ ಮಾಡಿದ ಉಸ್ತಾದರಿಗೆ ಮಜೂಸಿಯರು ದೂರದವರು, ಪಕ್ಕದ ಮನೆಯವರು ಹತ್ತಿರದವರು. ನೆರೆಮನೆಯ ಪಾತ್ರೆ ಕಣ್ಣಿಗೆ ಕಾಣುವಂತೆ ಮೈಲಿಗೆಯಾಗಿಲ್ಲದಿದ್ದರೆ ಕೇಳುವ ಅಗತ್ಯವಿಲ್ಲ ಎಂಬುದು ಅವರ ಪಠ್ಯದ ನಿಲುವು. ಖಲೀಫ ಉಮರ್ ಅವರು ಕ್ರೈಸ್ತ ಹೆಂಗಸಿನ ಕೊಡದ ನೀರಿನಿಂದ ವುಜೂ ಮಾಡಿದ್ದನ್ನು ಗಝಾಲಿ (ಮರಣ 1111) ಎತ್ತಿಹೇಳಿದ್ದರ ಹಿಂದೆಯೂ ಇದೇ ಮನೋಧರ್ಮವಿದೆ.

ಹಾಗಾದರೆ ಮಡಿಯ ಕಡೆಯೇನು? ಬೆಂಗಳೂರಿನ ಗವಿಪುರಂನ ಗಂಗಾಧರೇಶ್ವರನ ಗುಡಿಯಿಂದ ಚಾಮರಾಜಪೇಟೆಯ ಮಸೀದಿಗಳಿಗೆ ನಡೆದೇ ಹೋಗಬಹುದು. ಒಂದು ಬದಿ ಮಡಿಯದು, ಇನ್ನೊಂದು ವುಜೂವಿನದು ಎಂದು ಗೆರೆ ಎಳೆಯುವುದು ಸುಲಭ. ಆದರೆ ಮನುಸ್ಮೃತಿಯ ಐದನೆಯ ಅಧ್ಯಾಯ ಮೈಲಿಗೆ ಕಣ್ಣಿಗೆ ಬೀಳದ ವಸ್ತುವನ್ನು, ನೀರಿನಿಂದ ತೊಳೆದದ್ದನ್ನು, ಶುದ್ಧವೆಂದು ಬಾಯಿಂದ ಹೊಗಳಿದ್ದನ್ನು ಶುಚಿಯ ಪಟ್ಟಿಗೆ ಸೇರಿಸುತ್ತದೆ. ಕುಶಲಕರ್ಮಿಯ ಕೈ ಸದಾ ಶುದ್ಧ, ಅಂಗಡಿಯಲ್ಲಿ ಹರಡಿಟ್ಟ ಸರಕೂ ಶುದ್ಧ ಎನ್ನುತ್ತದೆ. ಪೇಟೆ ನಡೆಯಬೇಕಾದರೆ ಇನ್ನೊಬ್ಬನ ಕೈಯನ್ನು ನಂಬಬೇಕು. ಶಾಮಿನ ಗಿಣ್ಣಿನ ನಿಯಮಕ್ಕೂ ಇದಕ್ಕೂ ಇರುವ ಸಾಮ್ಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬೇರೆಬೇರೆಯವರೊಡನೆ ಬಾಳಲೇಬೇಕಾದ ಶಾಸ್ತ್ರಗಳೆರಡೂ ಕಾಣದ ಮೈಲಿಗೆಯ ಲೆಕ್ಕವನ್ನು ಕೈಬಿಟ್ಟವು ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ, ಅವು ಸಣ್ಣವಲ್ಲ. ಒಂದರಿಂದ ಇನ್ನೊಂದು ಸಾಲ ಪಡೆಯಿತೆಂದು ನಾನು ಹೇಳುತ್ತಿಲ್ಲ. ಧರ್ಮಶಾಸ್ತ್ರ ಹುಟ್ಟಿನಿಂದ ಬರುವ ಮೈಲಿಗೆಯನ್ನು ಒಪ್ಪಿತು, ಸುನ್ನಿ ಬಹುಮತ ಒಪ್ಪಲಿಲ್ಲ. ಈ ವ್ಯತ್ಯಾಸವನ್ನು ಯಾವ ಸಾಮ್ಯವೂ ಮುಚ್ಚಲಾರದು. ಬಹುದೇವೋಪಾಸಕರನ್ನು ಅಶುದ್ಧರೆನ್ನುವ ಕುರ್‌ಆನಿನ ಮಾತನ್ನು (9:28) ಸುನ್ನಿ ವಿದ್ವಾಂಸರು ಹೆಚ್ಚಾಗಿ ನಂಬಿಕೆಗೆ ಅನ್ವಯಿಸಿದರು, ದೇಹಕ್ಕಲ್ಲ. ಇಬ್ನ್ ಹಝ್ಮ್ ಮತ್ತು ಶಿಯಾ ಶಾಸ್ತ್ರಜ್ಞರಲ್ಲಿ ಅನೇಕರು ದೇಹಕ್ಕೇ ಅನ್ವಯಿಸಿದರು. ಇನ್ನು ನಿಯಮ ರಕ್ಷಿಸುವುದು ಶಂಕೆಯಿಂದ ಮಾತ್ರ. ಮಳೆಗಾಲದ ಬೀದಿಯ ಕೆಸರಿಗೆ ಶಾಫಿ, ಹನಫಿ ಎರಡೂ ಮತಗಳಲ್ಲಿ ವಿನಾಯಿತಿ ಉಂಟು. ಕೊಳಚೆ ಬೆರೆತು ಬಣ್ಣ-ವಾಸನೆ ಕೆಟ್ಟ ವೃಷಭಾವತಿಯ ನೀರಿಗೆ ಇಲ್ಲ, ಅಲ್ಲಿ ಶಂಕೆಗೆ ಜಾಗವೇ ಇಲ್ಲ.

ಮನಸ್ಸಿನ ಕಾಯಿಲೆಯಾಗಿ ಬೆಳೆಯುವ ಶಂಕೆ, ಅಂದರೆ ವಸ್‌ವಾಸಿಗೂ ಶಾಸ್ತ್ರ ಇದೇ ದಿಕ್ಕಿನಲ್ಲಿ ಉತ್ತರಿಸಿತು. ಇಬ್ನ್ ಕುದಾಮಾ ಇದನ್ನು ಖಂಡಿಸಲೆಂದೇ ಕೃತಿ ರಚಿಸಿದರು. ಮಖ್ದೂಮರ ಗುರು ಇಬ್ನ್ ಹಜರ್ ಹೈತಮಿ, ಮದ್ದೇನು ಎಂದು ಕೇಳಿದವರಿಗೆ ಅದರ ಕಡೆ ತಿರುಗಿಯೂ ನೋಡಬೇಡಿ ಎಂದು ಫತ್ವಾ ಕೊಟ್ಟರು. ಗಂಟೆಗಟ್ಟಲೆ ಕೈಕಾಲು ತೊಳೆಯುತ್ತ ನರಳುವವರನ್ನು ಕಂಡವರಿಗೆ ಆ ಮಾತಿನ ಕರುಣೆ ತಿಳಿಯುತ್ತದೆ.

ಪಠ್ಯದ ನಿಯಮ ಮನೆಯೊಳಗೆ, ಮುಖ್ಯವಾಗಿ ಹೆಂಗಸರ ಅಡುಗೆಮನೆಯಲ್ಲಿ, ಎಷ್ಟು ಪಾಲನೆಯಾಯಿತೆಂಬ ಪ್ರಶ್ನೆ ತೆರೆದೇ ಇದೆ. ಅದಕ್ಕೆ ಉತ್ತರ ಮುದ್ರಿತ ಗ್ರಂಥಗಳಿಂದ ಬಾರದು. ಬೆಂಗಳೂರಿನ, ಕರಾವಳಿಯ ಮಸೀದಿ-ಮದ್ರಸಾಗಳಲ್ಲಿ, ಹಳೆಯ ಮನೆತನಗಳಲ್ಲಿ ಪ್ರಶ್ನೋತ್ತರದ ಕೈಬರಹದ ಪುಸ್ತಕಗಳಿದ್ದರೆ, ಗೆದ್ದಲು ಹತ್ತುವ ಮೊದಲು ಅವುಗಳ ಪ್ರತಿ ತೆಗೆಸಿ ಸಂಶೋಧಕರಿಗೆ ಒದಗಿಸಬೇಕೆಂದು ಕೋರುತ್ತೇನೆ.