ಹಂದಿಗೋಡಿನ ವ್ಯಾಧಿ: ಒಂದು ಶೋಧನೆಯ ಚರಿತ್ರೆ

ಸೌಕಾರ್‌ಪೇಟೆಯಲ್ಲಿ ನೆಲೆಸಿರುವ ನಮ್ಮವರಿಗೆ ಸಾಗರ ಸೀಮೆಯೆಂದರೆ ಕೆಳದಿಯ ಅರಸರು, ಇಕ್ಕೇರಿಯ ದೇವಾಲಯ, ಶ್ರೀಗಂಧದ ಕೆತ್ತನೆ. ಅದೇ ಸೀಮೆಯ ಗದ್ದೆಗೂಲಿಗಳ ಚರಿತ್ರೆಯನ್ನು ಅರಿಯಬೇಕಾದರೆ ಶಾಸನಗಳನ್ನು ಬಿಟ್ಟು ವೈದ್ಯರ ವರದಿಗಳನ್ನು ನೋಡಬೇಕಾಗುತ್ತದೆ.

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಒಂದು ವ್ಯಾಧಿ ಬೆಳಕಿಗೆ ಬಂದಿತು. ಸೊಂಟದ ಕೀಲಿನಲ್ಲಿ, ಮೊಣಕಾಲಿನಲ್ಲಿ ನೋವು. ಕ್ರಮೇಣ ನಡಿಗೆ ಕುಂಟಾಗಿ, ಕೆಲವರು ತೆವಳುವ ಸ್ಥಿತಿಗೆ ಬರುವರು. ಕೆಲವರ ಮೈ ಬೆಳೆಯದೆ ಕುಳ್ಳಾಗಿಯೇ ಉಳಿಯುವುದು. ಪೀಡಿತರು ಬಹುತೇಕ ಚಲವಾದಿ ಮೊದಲಾದ ಪರಿಶಿಷ್ಟ ಸಮುದಾಯಗಳ ಭೂಹೀನ ಕೂಲಿಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ಅವರು 1978ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗವೆಂದು ವರ್ಣಿಸಿದರು. ಕ್ರಿಮಿನಾಶಕಗಳ ಮೇಲೂ ಸಂದೇಹವಿತ್ತು: ಗದ್ದೆಗೆ ಸಿಂಪಡಿಸಿದ ವಿಷ ಏಡಿಗಳನ್ನು ಸೇರಿ, ಅವನ್ನು ಹಿಡಿದು ತಿನ್ನುವ ಬಡವರ ಮೈಗಿಳಿದಿರಬೇಕೆಂಬ ಊಹೆ. 1994ರಲ್ಲಿ ಅಗರವಾಲ್ ಮತ್ತು ಸಂಗಡಿಗರು ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ, ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಬೆಳವಣಿಗೆಯ ದೋಷವೆಂದು ತೋರಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಈ ಎರಡು ವಾದಗಳ ನಡುವಣ ಅಂತರ ಕೇವಲ ವಿದ್ವಾಂಸರದಲ್ಲ. ಲೆಕ್ಕಪತ್ರದಲ್ಲಿ ನಷ್ಟ ಯಾರ ಖಾತೆಗೆ ಬೀಳುತ್ತದೆಂಬುದರಂತೆ, ವಿಷವೇ ಕಾರಣವಾದರೆ ಹೊಣೆ ಅದನ್ನು ಮಾರಿದವರ, ಸಿಂಪಡಿಸಿದವರ ಮೇಲೆ ಬರುತ್ತದೆ. ರಕ್ತಸಂಬಂಧವೇ ಕಾರಣವಾದರೆ ಪೀಡಿತರ ಮನೆಯ ಬಾಗಿಲಿಗೇ ಹಿಂದಿರುಗುತ್ತದೆ. ಆಧಾರಗಳು ಎರಡನೆಯದನ್ನೇ ಸಮರ್ಥಿಸುವುವೆಂದು ನನ್ನ ಅಭಿಪ್ರಾಯ. ಆದರೆ ವಂಶರೋಗವಾದರೆ 1975ರಲ್ಲಿ ಹಠಾತ್ತನೆ ಹುಟ್ಟಿತೇಕೆ ಎಂದು ಕೇಳುವವರುಂಟು. 1975 ವೈದ್ಯರು ಕಂಡ ವರ್ಷ, ರೋಗ ಹುಟ್ಟಿದ ವರ್ಷವಲ್ಲ. ಶಾಸನದ ತೇದಿಯನ್ನೇ ಊರಿನ ಹುಟ್ಟಿನ ತೇದಿಯೆಂದು ಎಣಿಸುವ ತಪ್ಪು ನಮ್ಮ ಇತಿಹಾಸಕಾರರಲ್ಲಿಯೂ ಉಂಟಷ್ಟೆ.

ಕಾಣಲು ಅಷ್ಟು ಕಾಲ ಹಿಡಿದುದೇಕೆ? ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ, ಏಷ್ಯದಲ್ಲಿಲ್ಲದ ಹಳದಿ ಜ್ವರ ಇಲ್ಲಿಗೂ ಬಂದಿತೇ ಎಂಬ ಭಯ ಹುಟ್ಟಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿದ್ದ ಪೂನಾದ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿ ಬಂದು, ಹೊಸ ವೈರಸ್ಸನ್ನು ಅದೇ ವರ್ಷ ಬೇರ್ಪಡಿಸಿದರು; ಅದನ್ನು ಹರಡುವ ಉಣುಗನ್ನೂ ಗುರುತಿಸಿದರು. ಹಂದಿಗೋಡಿನ ಕುಂಟು ಯಾರಿಗೂ ಅಂಟುವಂತಹುದಾಗಿರಲಿಲ್ಲ. ಹೆಸರು ದೊರೆತ ಮೇಲೂ ಅದಕ್ಕೆ ಮೂಲಚಿಕಿತ್ಸೆಯಿಲ್ಲ. ಪೀಡಿತರಿಗೆ ದೊರೆಯುವುದು ನೋವಿನ ಗುಳಿಗೆ, ಕೆಲವರಿಗೆ ಕೀಲಿನ ಶಸ್ತ್ರಕ್ರಿಯೆ.