ಕಾರ್ಟರನ ಚಿತ್ರಗಳೂ ಮಿದುಳಿನ ಅಭಿಧಮನಿಗಳೂ

ಹೆನ್ರಿ ಗ್ರೇಯ ಅಂಗರಚನಾಶಾಸ್ತ್ರ ಗ್ರಂಥವು ಲಂಡನ್ನಿನಲ್ಲಿ ಪ್ರಕಟವಾದುದು 1858ರಲ್ಲಿ. ಅದರ ಚಿತ್ರಗಳನ್ನು ರಚಿಸಿದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಮುಂಬಯಿಗೆ ಬಂದುದೂ ಅದೇ ವರ್ಷ. ಧಾರವಾಡ, ಬೆಳಗಾವಿ ಜಿಲ್ಲೆಗಳನ್ನೂ ಒಳಗೊಂಡಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ 1845ರಲ್ಲಿ ಸ್ಥಾಪಿತವಾಗಿದ್ದ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವನು ಈ ಶಾಸ್ತ್ರವನ್ನೇ ಬೋಧಿಸಿದನು.

ಕಾರ್ಟರನ ಚಿತ್ರಗಳಲ್ಲಿ ಅಂಗದ ಹೆಸರು ಅಂಗದ ಮೇಲೆಯೇ ಅಚ್ಚಾಗಿರುವುದು ಗಮನಾರ್ಹ. ಕಲಿಯುವವನಿಗೆ ಇದು ಮಹೋಪಕಾರ. ಆದರೆ ಒಂದು ಹೆಸರಿಗೆ ಒಂದೇ ಸ್ಥಾನ, ಒಂದೇ ಮಾರ್ಗ ಎಂಬ ಭಾವನೆಯೂ ಇಂತಹ ಚಿತ್ರಗಳಿಂದ ಬೇರೂರುವುದು ಸಹಜ. ಮಿದುಳಿನ ಅಭಿಧಮನಿಗಳ ವಿಷಯದಲ್ಲಿ ಈ ಭಾವನೆ ನಿಲ್ಲುವುದಿಲ್ಲ.

ಮಿದುಳಿನ ಮೇಲ್ಮೈಯ ಎರಡು ಪ್ರಮುಖ ಅಭಿಧಮನಿಗಳನ್ನು ಫ್ರಾನ್ಸಿನ ಟ್ರೋಲಾರ್ 1868ರಲ್ಲಿಯೂ ಲಾಬೆ 1879ರಲ್ಲಿಯೂ ವರ್ಣಿಸಿದರು. ಮೊದಲನೆಯದು ನೆತ್ತಿಯ ಕಡೆಗೂ ಎರಡನೆಯದು ಕಿವಿಯ ಹಿಂಬದಿಯ ಅಡ್ಡ ಸೈನಸಿಗೂ ರಕ್ತವನ್ನು ಒಯ್ಯುತ್ತವೆ. ಒಂದು ದೊಡ್ಡದಾಗಿದ್ದಲ್ಲಿ ಇನ್ನೊಂದು ಸಾಮಾನ್ಯವಾಗಿ ಕಿರಿದು. ಲಾಬೆಯ ಅಭಿಧಮನಿ ಕೆಲವರಲ್ಲಿ ದಪ್ಪನಾದ ಒಂದೇ ನಾಳ. ಕೆಲವರಲ್ಲಿ ಹಲವು ಸಣ್ಣ ನಾಳಗಳು. ಒಬ್ಬನಲ್ಲಿಯೇ ಎಡಬಲಗಳು ಭಿನ್ನವಾಗಿರಬಹುದು. ಭ್ರೂಣದಲ್ಲಿ ಅಭಿಧಮನಿಗಳು ಬಲೆಯಂತೆ ಹುಟ್ಟಿ, ಕೆಲವು ಉಳಿದು ಕೆಲವು ಅಳಿಯುವುದೇ ಇದಕ್ಕೆ ಕಾರಣ.

ಈ ಭೇದ ಶಸ್ತ್ರವೈದ್ಯನಿಗೆ ಪ್ರಾಣಸಂಬಂಧಿಯಾದುದು. ತಲೆಬುರುಡೆಯ ತಳದ ಗಡ್ಡೆಯನ್ನು ತಲುಪಲು ಕಿವಿಯ ಬಳಿಯ ಮಿದುಳಿನ ಹಾಲೆಯನ್ನು ಮೇಲೆತ್ತುವಾಗ ಲಾಬೆಯ ಅಭಿಧಮನಿ ಹಿಗ್ಗುತ್ತದೆ. ಅನ್ಯ ಮಾರ್ಗವುಳ್ಳ ರೋಗಿಯಲ್ಲಿ ಅದು ತುಂಡಾದರೂ ಬಾಧೆಯಾಗದಿರಬಹುದು. ಅದೇ ಮುಖ್ಯ ಮಾರ್ಗವಾಗಿದ್ದಲ್ಲಿ ಹೊರಹೋಗಲಾರದ ರಕ್ತದಿಂದ ಮಿದುಳು ಊದಿ, ಒಳಗೆ ರಕ್ತಸ್ರಾವವಾಗುವ ಸಂಭವವಿದೆ. ಎಡಭಾಗದಲ್ಲಾದರೆ ರೋಗಿ ಮಾತನ್ನೇ ಕಳೆದುಕೊಳ್ಳಬಹುದು.

ಜೀವಂತ ಮಿದುಳಿನ ರಕ್ತನಾಳಗಳನ್ನು ಕ್ಷಕಿರಣದಲ್ಲಿ ಕಾಣುವ ವಿಧಾನವನ್ನು ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1927ರಲ್ಲಿ ರೂಪಿಸಿದನು. ಮುಂಬಯಿಯ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನರಶಸ್ತ್ರಚಿಕಿತ್ಸೆ ಪ್ರತ್ಯೇಕ ಶಾಖೆಯಾಗಿ ನೆಲೆಗೊಂಡದ್ದು 1950ರ ದಶಕದಲ್ಲಿ. ಇಂದು ಸಿ.ಟಿ. ಮತ್ತು ಎಂ.ಆರ್. ಚಿತ್ರಣಗಳಿಂದ ರೋಗಿಯ ಅಭಿಧಮನಿಗಳ ನಕ್ಷೆಯನ್ನು ಮುಂಚಿತವಾಗಿಯೇ ಪಡೆಯಬಹುದಾಗಿದೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಸಮಸ್ಯೆ ಅಪರಿಚಿತವಲ್ಲ. ಪಾಠಾಂತರಗಳೆಲ್ಲವೂ ಲಿಪಿಕಾರನ ಪ್ರಮಾದಗಳಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಒಂದು ಪಾಠವನ್ನು ಸ್ವೀಕರಿಸಿ ಉಳಿದವನ್ನು ಅಡಿಟಿಪ್ಪಣಿಗೆ ಇಳಿಸುವ ಸ್ವಾತಂತ್ರ್ಯ ಸಂಪಾದಕನಿಗುಂಟು. ಶಸ್ತ್ರವೈದ್ಯನಿಗೆ ಅದಿಲ್ಲ, ಅವನ ಮುಂದಿರುವ ರೋಗಿಗೆ ಆ ಪಾಠಾಂತರವೇ ಏಕೈಕ ಮೂಲ. ಕಾರ್ಟರನ ಚಿತ್ರಪರಂಪರೆಯ ಮೌಲ್ಯ ಇದರಿಂದ ಕುಂದುವುದಿಲ್ಲ. ಅದು ಹೆಸರುಗಳನ್ನು ಕಲಿಸಿತು. ಆ ಹೆಸರಿನ ನಾಳವು ಈ ರೋಗಿಯಲ್ಲಿ ಎಲ್ಲಿದೆಯೆಂಬುದನ್ನು ಪ್ರತಿಬಾರಿಯೂ ಹೊಸದಾಗಿ ಪರಿಶೀಲಿಸಬೇಕಾಗುತ್ತದೆ.