‘ದಿ’ ಎಂಬ ಶಬ್ದದ ಪೂರ್ವವೃತ್ತಾಂತ

ಇಂಗ್ಲಿಷ್ ಕಲಿಯುವ ಕನ್ನಡಿಗನನ್ನು ಕೊನೆಯವರೆಗೂ ಕಾಡುವವು ದೊಡ್ಡ ಶಬ್ದಗಳಲ್ಲ; ‘ಎ’, ‘ಆ್ಯನ್’, ‘ದಿ’ ಎಂಬ ಮೂರು ಅಣುಗಾತ್ರದ ಶಬ್ದಗಳು. ನಾಮಪದಕ್ಕೆ ಮೊದಲು ಇವು ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತಿಳಿಯಹೊರಟವರು ನಿಯಮಗಳಿಗಿಂತ ಅಪವಾದಗಳೇ ಹೆಚ್ಚೆಂದು ಬೇಸರಪಡುವುದುಂಟು. ಇವುಗಳ ಚರಿತ್ರೆಯನ್ನು ನೋಡಿದರೆ ಬೇಸರ ಹೋಗದಿದ್ದರೂ ಅದರ ಕಾರಣವಾದರೂ ತಿಳಿಯುತ್ತದೆ.

ಸಾವಿರದ ನೂರು ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ದಿ’ ಇರಲಿಲ್ಲ. ‘ಸೆ’, ‘ಸೇಒ’, ‘ಥ್ಯಾಟ್’ ಎಂದು ಮೂರು ಲಿಂಗಗಳಿಗೆ ಮೂರು ರೂಪಗಳುಳ್ಳ ದರ್ಶಕ ಸರ್ವನಾಮವೊಂದಿತ್ತು. ಸಂಸ್ಕೃತ ಬಲ್ಲವರಿಗೆ ‘ಸಃ, ಸಾ, ತತ್’ ನೆನಪಾದರೆ ಆಶ್ಚರ್ಯವಿಲ್ಲ. ಎರಡಕ್ಕೂ ಮೂಲ ಒಂದೇ. ಅದರಂತೆಯೇ ಇದೂ ವಿಭಕ್ತಿಗಳಲ್ಲಿ ನಡೆಯುತ್ತಿತ್ತು. ‘ಸೆ ಕ್ಯುನಿಂಗ್’ ಎಂದರೆ ರಾಜನು, ‘ಥೊನೆ ಕ್ಯುನಿಂಗ್’ ಎಂದರೆ ರಾಜನನ್ನು, ‘ಥ್ಯಾಸ್ ಕ್ಯುನಿಂಗೆಸ್’ ಎಂದರೆ ರಾಜನ. ಮೊದಲ ಎರಡರಲ್ಲಿ ನಾಮಪದ ಬದಲಾಗಿಲ್ಲ. ಕರ್ತೃ ಯಾವುದು, ಕರ್ಮ ಯಾವುದು ಎಂದು ಹೇಳುವ ಹೊಣೆಯೆಲ್ಲ ದರ್ಶಕದ್ದೇ. ಲಿಂಗವಿವಕ್ಷೆಯಾದರೋ ವಿಚಿತ್ರ: ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹೆಂಗಸು ಎಂಬರ್ಥದ ‘ವೀಫ್’ ನಪುಂಸಕ!

ಈ ಕಟ್ಟಡ ಉತ್ತರದಿಂದ ಕುಸಿಯತೊಡಗಿತು. 10ನೆಯ ಶತಮಾನದ ಉತ್ತರಾರ್ಧದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಲ್ಯಾಟಿನ್ ಸಾಲುಗಳ ನಡುವೆ ಬರೆದ ಇಂಗ್ಲಿಷ್ ಅರ್ಥಗಳಲ್ಲಿ ‘ಸೆ’ ಇರಬೇಕಾದೆಡೆ ‘ಥೆ’ ಇಣುಕುತ್ತದೆ. 1154ರವರೆಗೆ ಮುಂದುವರಿದ ಪೀಟರ್‌ಬರೋ ವೃತ್ತಾಂತದ ಕೊನೆಯ ಭಾಗಕ್ಕೆ ಬಂದರೆ ಹಳೆಯ ರೂಪಾವಳಿ ಬಹುಮಟ್ಟಿಗೆ ಅಳಿದು ‘ಥೆ’ ಒಂದೇ ನಿಂತಿದೆ. 1066ರ ನಾರ್ಮನ್ ವಿಜಯವೇ ಇದಕ್ಕೆ ಕಾರಣವೆಂಬ ಮಾತು ಬಳಕೆಯಲ್ಲಿದ್ದರೂ ಆಲ್ಡ್ರೆಡನ ಬರಹ ಅದನ್ನು ಒಪ್ಪಗೊಡದು. ಪದಾಂತ್ಯದ ಸ್ವರಗಳು ಮಸುಕಾದುದು, ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದವರೊಡನೆ ಬೆರೆತು ಬಾಳಿದುದು, ಇವು ಹೆಚ್ಚು ನಂಬತಕ್ಕ ಕಾರಣಗಳು. ವಿಭಕ್ತಿಯ ಕೆಲಸವನ್ನು ಪದಗಳ ಕ್ರಮ ವಹಿಸಿಕೊಂಡಿತು. ಭಾರವಿಳಿದ ದರ್ಶಕ ‘ಗೊತ್ತಿರುವ ವಸ್ತು’ ಎಂಬುದನ್ನಷ್ಟೇ ಸೂಚಿಸುತ್ತ ‘ದಿ’ ಆಯಿತು. ನಪುಂಸಕ ರೂಪ ಮಾತ್ರ ‘ದ್ಯಾಟ್’ ಆಗಿ ಇಂದಿಗೂ ಬೆರಳು ತೋರಿಸುತ್ತಿದೆ. ‘ದಿ ಮೋರ್ ದಿ ಬೆಟರ್’ ಎನ್ನುವಲ್ಲಿನ ‘ದಿ’ಯಂತೂ ಉಪಪದವೇ ಅಲ್ಲ, ಹಳೆಯ ತೃತೀಯಾ ವಿಭಕ್ತಿಯ ಪಳೆಯುಳಿಕೆ.

‘ಎ’ಯ ಕಥೆ ಸರಳ. ಅದು ‘ಒಂದು’ ಎಂಬರ್ಥದ ‘ಆನ್’. ನಮ್ಮ ಅಜ್ಜಿಕಥೆಯ ‘ಒಂದು ಊರಿನಲ್ಲಿ ಒಬ್ಬ ರಾಜ’ನಂತೆ. ವ್ಯಂಜನದ ಮೊದಲು ನಕಾರ ಬಿದ್ದುಹೋದುದರಿಂದ ಗಡಿತಂಟೆಗಳಾದವು: ‘ಎ ನೇಪ್ರನ್’ ಒಡೆದು ‘ಆ್ಯನ್ ಏಪ್ರನ್’ ಆಯಿತು, ‘ಆ್ಯನ್ ಯೂಟ್’ ಕೂಡಿ ‘ಎ ನ್ಯೂಟ್’ ಆಯಿತು.

ವೈಯಾಕರಣರು ಇದನ್ನೆಲ್ಲ ಕಾಣಲು ಬಹುಕಾಲ ಹಿಡಿಯಿತು. ಅವರ ಮಾದರಿ ಲ್ಯಾಟಿನ್, ಲ್ಯಾಟಿನ್ನಿನಲ್ಲಿ ಉಪಪದವಿಲ್ಲ. ಲಿಲಿಯ ಪಠ್ಯಪುಸ್ತಕ ‘ಹಿಕ್, ಹೈಕ್, ಹೋಕ್’ ಎಂಬ ಸರ್ವನಾಮಗಳನ್ನೇ ಉಪಪದವೆಂದು ಕರೆದು ಮಕ್ಕಳಿಗೆ ಉರುಹೊಡೆಸಿತು. ‘ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದ ಬಾಲಕ ವಿಲಿಯಮ್ಮನು ಒಪ್ಪಿಸುವ ಪಾಠ ಇದೇ. 1640ರಲ್ಲಿ ಪ್ರಕಟವಾದ ಬೆನ್ ಜಾನ್ಸನ್ನನ ವ್ಯಾಕರಣ ಲ್ಯಾಟಿನ್ನಿನ ಎಂಟು ಪದಜಾತಿಗಳಿಗೆ ಒಂಬತ್ತನೆಯದಾಗಿ ಉಪಪದವನ್ನು ಸೇರಿಸಿತು. 1762ರಲ್ಲಿ ಲೌತ್ ಅದಕ್ಕೆ ಮೊದಲ ಸ್ಥಾನವನ್ನೇ ಕೊಟ್ಟನು. ಆದರೂ ‘ದಿ’, ‘ದಿಸ್’, ‘ಮೈ’ ಇವು ಒಂದೇ ಪೀಠಕ್ಕೆ ಸ್ಪರ್ಧಿಗಳೆಂಬುದು ಸ್ಪಷ್ಟವಾದುದು 20ನೆಯ ಶತಮಾನದಲ್ಲಿ. 1933ರಲ್ಲಿ ಬ್ಲೂಮ್‌ಫೀಲ್ಡ್ ಇವನ್ನು ‘ಡಿಟರ್ಮಿನರ್’, ಎಂದರೆ ನಿರ್ಧಾರಕ, ಎಂಬ ವರ್ಗದಲ್ಲಿ ಒಟ್ಟುಗೂಡಿಸಿದನು. ‘ಹೌಸ್’ನಂಥ ಏಕವಚನ ನಾಮಪದ ಸಾಮಾನ್ಯವಾಗಿ ಇವುಗಳಲ್ಲೊಂದಿಲ್ಲದೆ ನಿಲ್ಲದು, ಎರಡು ಒಟ್ಟಿಗೆ ಬಂದರೂ ಸಹಿಸದು.

ಹಳೆಯ ಇಂಗ್ಲಿಷಿಗೆ ಈ ಬಿಗಿ ಇರಲಿಲ್ಲ. ದರ್ಶಕವೂ ಸ್ವಾಮ್ಯವಾಚಕವೂ ಅಲ್ಲಿ ಜೊತೆಯಾಗಿ ಬರಬಹುದಿತ್ತು. ಕನ್ನಡದಲ್ಲಿ ಇಂದಿಗೂ ‘ನನ್ನ ಆ ಪುಸ್ತಕ’ ಎನ್ನುತ್ತೇವೆ, ‘ಆ ನನ್ನ ಪುಸ್ತಕ’ ಎಂದೂ ಎನ್ನುತ್ತೇವೆ. ನಮ್ಮ ಹುಡುಗ ‘ಮೈ ದ್ಯಾಟ್ ಬುಕ್’ ಎಂದು ಬರೆದಾಗ ಕೆಂಪು ಶಾಯಿಯ ಗೆರೆ ಎಳೆಯುವ ಉಪಾಧ್ಯಾಯರು, ಆ ಪೀಠದಲ್ಲಿ ಒಬ್ಬರಿಗೇ ಜಾಗವೆಂಬುದನ್ನೂ ಅವನಿಗೆ ಹೇಳಬೇಕು.